ಬಾಗಿಲು ಮಾತ್ರ ತೆಗೆಯುವ ಕೀ

ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ಆಚೆ ಬೀದಿಯಲ್ಲಿ ಯಾರನ್ನು ಕೇಳಿದರೂ ಪ್ರೇಮಮ್ಮನ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಅವಳ ಕೈಯ ಹುಳಿ ಉಂಡವರಿಗೆ ಬೇರೆಯವರ ಮನೆಯ ಹುಳಿ ರುಚಿಸುವುದಿಲ್ಲ. ಅವಳ ಕೈಯಿಂದ ಒಂದು ರೂಪಾಯಿ ಬಿಡಿಸುವುದು ಕಲ್ಲಿನಲ್ಲಿ ನಾರು ತೆಗೆದಷ್ಟೇ ಕಷ್ಟ. ಕಳೆದ ಆಯುಧಪೂಜೆಯಿಂದೀಚೆಗೆ ಮೂರನೆಯ ಮಾತೊಂದು ಸೇರಿಕೊಂಡಿದೆ. ಅದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: "ಆಯಮ್ಮನ ತಂಟೆಗೆ ಮಾತ್ರ ಹೋಗ್ಬೇಡಿ ಕಣ್ರೀ."

ಪ್ರೇಮಮ್ಮ ಹುಟ್ಟಿದ್ದು ಬನ್ನೂರಿನ ಪಕ್ಕದ ಒಂದು ಬೇಸಾಯದ ಮನೆಯಲ್ಲಿ. ಇಪ್ಪತ್ತು ತುಂಬಿದಾಗ ಮದುವೆಯಾಗಿ ಮೈಸೂರಿಗೆ ಬಂದಳು. ಗಂಡ ಅಶೋಕ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಬದುಕಿರುವಷ್ಟು ದಿನ ಯಾರಿಗೂ ತೊಂದರೆ ಕೊಡದ ಮನುಷ್ಯ. ಹೋಗುವಾಗಲೂ ಹಾಗೇ, ಸಂಜೆ ಟೀವಿ ನೋಡುತ್ತ ಕೂತವನು ಕೂತಲ್ಲೇ ತಲೆ ವಾಲಿಸಿದ. ಅದಾಗಿ ಆರು ವರ್ಷ. ಮಗಳು ಗಗನ ಮದುವೆಯಾಗಿ ಮಂಡ್ಯದಲ್ಲಿದ್ದಾಳೆ. ಮಾವ ಕಟ್ಟಿಸಿದ ಎರಡಂತಸ್ತಿನ ಮನೆಯಲ್ಲಿ ಮೇಲಿನದು ಪ್ರೇಮಮ್ಮನದು, ಕೆಳಗಿನದು ಮೈದುನ ವಿಜಯ್‌ಕುಮಾರನದು.

ಗಂಡ ಹೋದ ಮೇಲೆ ಅವಳು ಅತ್ತುಕೊಂಡು ಕೂರಲಿಲ್ಲ, ಒಲೆ ಹೊತ್ತಿಸಿದಳು. ಮೊದಲು ಎಂಟು ಊಟ, ಆಮೇಲೆ ಹದಿನೈದು, ಈಗ ನಲವತ್ತೆರಡು. ಕುವೆಂಪುನಗರದ ಒಂದು ಕ್ಲಿನಿಕ್ಕಿಗೆ, ಎರಡು ಆಫೀಸುಗಳಿಗೆ, ಒಬ್ಬ ಲೆಕ್ಕಪರಿಶೋಧಕರ ಮನೆಗೆ ಮಧ್ಯಾಹ್ನ ಹನ್ನೆರಡೂವರೆಗೆ ಊಟ ಮುಟ್ಟಬೇಕು. ಮೊದಲೆಲ್ಲ ಸ್ಕೂಟರಿನಲ್ಲೇ ಸಾಗಿಸುತ್ತಿದ್ದಳು. ಒಂದು ದಿನ ರಸ್ತೆಯ ಉಬ್ಬಿನ ಮೇಲೆ ಕ್ಯಾರಿಯರ್ ಹಾರಿ, ಹದಿನಾರು ಜನರ ಹುಳಿ ಡಾಂಬರಿನ ಪಾಲಾಯಿತು. ಅವತ್ತೇ ತೀರ್ಮಾನ ಮಾಡಿದಳು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಒಂದು ಹಳೆಯ ಬಿಳಿ ಕಾರು ನೋಡಿದಳು. ದುಡ್ಡು ಅವಳದು, ಹೆಸರು ಅವಳದು.

ಕಾರು ತರಲು ಹೋಗುವ ದಿನ ಮಾತ್ರ ಒಂದು ತಪ್ಪು ಮಾಡಿದಳು. ವಿಜಯ್‌ಕುಮಾರನನ್ನು ಜೊತೆಗೆ ಕರೆದುಕೊಂಡು ಹೋದಳು.

"ಗಂಡಸರು ಇಲ್ದೆ ಹೋದ್ರೆ ತಲೆ ಬೋಳಿಸ್ಬುಡ್ತಾರೆ ಅತ್ತಿಗೆ" ಅಂತ ಅವನೇ ಹೊರಟು ನಿಂತಿದ್ದ. ಅಲ್ಲಿ ಅವನು ವ್ಯಾಪಾರವನ್ನೇನೂ ಇಳಿಸಲಿಲ್ಲ. ಬಾನೆಟ್ ತಟ್ಟಿದ, ಟೈರಿಗೆ ಒದ್ದ, ಕಾಫಿ ಕುಡಿದ. ಕಾರಿನ ಹಳೆಯ ಮಾಲೀಕ ಎರಡು ಕೀ ಎತ್ತಿ, ಎದುರಿಗಿದ್ದ ಗಂಡಸಿನ ಕೈಗೇ ಕೊಟ್ಟ. ವಿಜಯ್‌ಕುಮಾರ ಒಂದನ್ನು ಪ್ರೇಮಮ್ಮನ ಅಂಗೈಯಲ್ಲಿಟ್ಟು, ಇನ್ನೊಂದನ್ನು ತನ್ನ ಶರ್ಟಿನ ಜೇಬಿಗೆ ಇಳಿಬಿಟ್ಟ.

"ಸ್ಪೇರ್ ನನ್ನ ಹತ್ರ ಇರ್ಲಿ. ನೀವು ಕಳೆದುಗಿಳೆದು ಹಾಕ್ಕೊಂಡ್ರೆ ಕಷ್ಟ."

ಈ ವಿಜಯ್‌ಕುಮಾರನ ಕಸುಬು 'ವ್ಯವಹಾರ'. ಏನು ವ್ಯವಹಾರ ಎಂದು ಅವನ ಹೆಂಡತಿ ಬಿಂದುವಿಗೂ ಸರಿಯಾಗಿ ಗೊತ್ತಿಲ್ಲ. ಸೈಟು ತೋರಿಸುತ್ತಾನೆ, ಬಾಡಿಗೆ ಮನೆ ಹುಡುಕಿಕೊಡುತ್ತಾನೆ, ಇಬ್ಬರ ನಡುವೆ ನಿಂತು ಮಾತಾಡುತ್ತಾನೆ. ಅಂಥ ಕೆಲಸಕ್ಕೆ ಬಂಡವಾಳ ಬೇಡ, ಠೀವಿ ಬೇಕು. ಠೀವಿಗೆ ಕಾರು ಬೇಕು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನಂತೆ. ಇಲ್ಲಿ ಅತ್ತಿಗೆಯ ಕಾರಿನಲ್ಲಿ ಮೈದುನ ದರ್ಬಾರು ಮಾಡಿದ.

ಭಾನುವಾರ ಬಂದರೆ ಕಾರು ಮಾಯ. ವಾರದ ದಿನ ಮಧ್ಯಾಹ್ನ ಊಟ ಹಂಚಿ ಬಂದು ಪ್ರೇಮಮ್ಮ ಅರ್ಧ ಗಂಟೆ ಮಲಗಿದರೆ, ಕೆಳಗೆ ಬಾಗಿಲು ಬಡಿದ ಸದ್ದು, ಇಂಜಿನ್ ಸದ್ದು, ಮಾಯ. ಕೇಳಿ ಒಯ್ದದ್ದು ಒಂದು ದಿನವೂ ಇಲ್ಲ. ವಾಪಸು ಬಂದಾಗ ಪೆಟ್ರೋಲಿನ ಮುಳ್ಳು ತಳಕ್ಕೆ ಬಿದ್ದಿರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಅವಳನ್ನು ಹೆಚ್ಚು ಉರಿಸುತ್ತಿದ್ದುದು ಸೀಟು. ವಿಜಯ್‌ಕುಮಾರ ಉದ್ದ ಕಾಲಿನವನು, ಡ್ರೈವರ್ ಸೀಟನ್ನು ಪೂರಾ ಹಿಂದಕ್ಕೆ ತಳ್ಳಿರುತ್ತಿದ್ದ. ಮಾರನೆಯ ದಿನ ಹನ್ನೊಂದೂವರೆಗೆ, ನಲವತ್ತೆರಡು ಜನರ ಊಟ ತುಂಬಿಕೊಂಡು ಅವಸರದಲ್ಲಿ ಕೂತರೆ, ಅವಳ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ತನ್ನ ಕಾರಿನಲ್ಲಿ ತಾನೇ ಚಿಕ್ಕ ಮಗುವಿನ ಹಾಗೆ ಕಾಲು ಚಾಚಿ ಕೂರಬೇಕು. ದಿನಾ ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವಾಗ ಅವಳು ಒಂದೊಂದು ಬೈಗುಳ ನುಂಗುತ್ತಿದ್ದಳು.

ಕೀ ವಾಪಸು ಕೊಡು ಎಂದು ಮೂರು ಸಲ ಕೇಳಿದಳು. ಮೊದಲ ಸಲ ನಕ್ಕ. ಎರಡನೇ ಸಲ, "ನಮ್ಮ ಮನೆ ಕಾರು ತಾನೆ ಅತ್ತಿಗೆ" ಎಂದ. ಮೂರನೇ ಸಲ ಮುಖ ಊದಿಸಿಕೊಂಡು, "ಅಣ್ಣ ಇದ್ದಿದ್ರೆ ಈ ಮಾತು ಕೇಳ್ತಿದ್ರಾ?" ಎಂದುಬಿಟ್ಟ. ಸತ್ತವರ ಹೆಸರನ್ನು ಮುಂದೆ ಹಿಡಿದವನ ಜೊತೆ ಏನು ವಾದ ಮಾಡುವುದು? ಒಂದೇ ಗೇಟು, ಒಂದೇ ಸಂಪು, ಬೆಳಗೆದ್ದರೆ ಮುಖ ನೋಡಬೇಕು. ತಾಳಿದವನು ಬಾಳಿಯಾನು ಅಂದುಕೊಂಡು ಪ್ರೇಮಮ್ಮ ಮೂರು ವರ್ಷ ತಾಳಿದಳು. ತಾಳಿದ್ದರ ಫಲ ಆಗಸ್ಟ್ ತಿಂಗಳ ಒಂದು ಭಾನುವಾರ ಸಿಕ್ಕಿತು.

ಪ್ರೇಮಮ್ಮನ ತಾಯಿ ಮುದ್ದಮ್ಮ ಬನ್ನೂರಿನಲ್ಲಿ ಕಿರಿಯ ಮಗಳು ವಾಣಿಯ ಮನೆಯಲ್ಲಿದ್ದಳು. ಎಂಬತ್ತನಾಲ್ಕು ವರ್ಷ. ಮಗಳು ಕಾರು ಓಡಿಸುತ್ತಾಳೆ ಅನ್ನುವುದು ಆ ಮುದುಕಿಗೆ ದೊಡ್ಡ ಸಂಭ್ರಮ. ಹಾಲಿನವನಿಗೂ ಹೇಳುತ್ತಿದ್ದಳು, ಔಷಧಿ ಅಂಗಡಿಯವನಿಗೂ ಹೇಳುತ್ತಿದ್ದಳು. "ಒಂದು ಸಲ ನಿನ್ನ ಪಕ್ಕ ಕೂರುಸ್ಕೊಂಡು ಬೆಟ್ಟಕ್ಕೆ ಕರ್ಕೊಂಡೋಗು ಕಣವ್ವ" ಅಂತ ಪ್ರತಿ ಫೋನಿನಲ್ಲೂ ಕೇಳುತ್ತಿದ್ದಳು. ಪ್ರೇಮಮ್ಮನಿಗೆ ಬಿಡುವಿದ್ದದ್ದು ಭಾನುವಾರ ಒಂದೇ. ಭಾನುವಾರ ಕಾರು ಇರುತ್ತಿರಲಿಲ್ಲ. ಬರುವ ವಾರ ಅಮ್ಮ, ಬರುವ ವಾರ ಎನ್ನುತ್ತ ಹೋದಳು.

ಆ ಭಾನುವಾರ ಹನ್ನೆರಡು ಗಂಟೆಗೆ ವಾಣಿಯ ಫೋನ್ ಬಂತು. "ಅಕ್ಕ, ಅಮ್ಮಂಗೆ ಉಸಿರು ಎಳೀತಾ ಅದೆ. ಡಾಕ್ಟ್ರು ಬಂದು ನೋಡಿ ಕೈ ಆಡುಸ್ಬುಟ್ರು. ನಿನ್ನೇ ಕೇಳ್ತಾವ್ಳೆ. ಬಿರ್ನೆ ಬಾ."

ಪ್ರೇಮಮ್ಮ ಒಲೆ ಆರಿಸಿ, ಕೀ ಹಿಡಿದು, ಚಪ್ಪಲಿ ಮರೆತು ಮೆಟ್ಟಿಲಿಳಿದಳು. ಸಂಪಿಗೆ ಮರದ ಕೆಳಗೆ ಕಾರು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಒಂದೇ ಇತ್ತು.

ಫೋನ್ ಮಾಡಿದಳು. ಅತ್ತ ಕಡೆ ಜನರ ಗದ್ದಲ, ಪಾತ್ರೆಯ ಸದ್ದು.

"ಶ್ರೀರಂಗಪಟ್ಟಣದ ಹತ್ರ ಫ್ರೆಂಡ್ ಮನೆ ಗೃಹಪ್ರವೇಶ ಅತ್ತಿಗೆ. ಎಲೆ ಹಾಕ್ಬುಟ್ಟಿದ್ದಾರೆ, ಎದ್ದು ಬಂದ್ರೆ ಚೆನ್ನಾಗಿರಲ್ಲ. ಉಂಡ್ಕೊಂಡು ಹೊರಟ್ಬುಡ್ತೀನಿ."

"ವಿಜಿ, ಅಮ್ಮ ಸಾಯ್ತಾ ಇದ್ದಾಳೆ ಕಣೋ."

"ಹಂಗೆಲ್ಲ ಅನ್ಬೇಡಿ. ಏನೂ ಆಗಲ್ಲ. ಇನ್ನರ್ಧ ಗಂಟೆ."

ಟ್ಯಾಕ್ಸಿ ಬುಕ್ ಮಾಡಿದಳು, ಬನ್ನೂರು ಎಂದ ಕೂಡಲೇ ಇಬ್ಬರು ಕ್ಯಾನ್ಸಲ್ ಮಾಡಿದರು. ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಳು. ಬಸ್ಸು ಜನ ತುಂಬುವ ತನಕ ಅಲುಗಲಿಲ್ಲ. ಕಾರಿದ್ದರೆ ಮುಕ್ಕಾಲು ಗಂಟೆಯ ದಾರಿ. ಅವಳು ವಾಣಿಯ ಮನೆ ಮುಟ್ಟಿದಾಗ ಎರಡು ಗಂಟೆ. ಬಾಗಿಲು ಹಾರು ಹೊಡೆದಿತ್ತು. ಅವಳು ಬರುತ್ತಾಳೆಂದು ತೆಗೆದೇ ಇಟ್ಟಿದ್ದರು. ಒಳಗೆ ಹೋಗಿ ಅಮ್ಮ ಅಂದಳು, ಕೈ ಹಿಡಿದಳು, ಭುಜ ಅಲುಗಿಸಿದಳು, ಮತ್ತೆ ಅಮ್ಮ ಅಂದಳು. ಇಪ್ಪತ್ತು ನಿಮಿಷದ ಹಿಂದೆಯೇ ಎಲ್ಲ ಮುಗಿದಿತ್ತು.

"ಕೊನೇ ತಂಕ ಬಾಗ್ಲನ್ನೇ ನೋಡ್ತಿದ್ಲು ಕಣಕ್ಕ. ಪ್ರೇಮನ ಕಾರ್ ಸದ್ದು ಕೇಳ್ತಾ? ಪ್ರೇಮನ ಕಾರ್ ಸದ್ದು ಕೇಳ್ತಾ? ಅಂತಿದ್ಲು" ಎಂದಳು ವಾಣಿ.

ಹನ್ನೊಂದನೆಯ ದಿನ ವಿಜಯ್‌ಕುಮಾರ ಬಂದ. ಆ ಕಾರಿನಲ್ಲೇ ಬಂದ. ವಡೆ ಎರಡು ಸಲ ಹಾಕಿಸಿಕೊಂಡು ಉಂಡ. ಕೈ ತೊಳೆದು, ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಪ್ರೇಮಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮೊದ್ಲೇ ಒಂದು ಮಾತು ಹೇಳಿದ್ರೆ ಗಾಡಿ ಬಿಟ್ಟು ಹೋಗ್ತಿದ್ದೆ ಅತ್ತಿಗೆ."

ಪ್ರೇಮಮ್ಮ ಅವನ ಮುಖ ನೋಡಿದಳು. "ನೀವು ಹೊರಡಿ" ಎಂದಳು.

ಮೂವತ್ತೆರಡು ವರ್ಷದಿಂದ ಅವನನ್ನು ವಿಜಿ, ಬಾರೋ, ಹೋಗೋ ಎಂದೇ ಕರೆದವಳು. ಮದುವೆಯಾಗಿ ಬಂದಾಗ ಅವನು ಇನ್ನೂ ಹೈಸ್ಕೂಲಿನಲ್ಲಿದ್ದ. ಅವಳಿಗೆ ನಿಜವಾದ ಕೋಪ ಬಂದರೆ ಬಹುವಚನ ಬರುತ್ತದೆ ಎಂದು ಗಂಡನಿಗೆ ಗೊತ್ತಿತ್ತು, ಮಗಳಿಗೆ ಗೊತ್ತು. ವಿಜಯ್‌ಕುಮಾರನಿಗೆ ಗೊತ್ತಿರಲಿಲ್ಲ. ಅತ್ತಿಗೆ ಈಗ ಮರ್ಯಾದೆ ಕೊಡುತ್ತಿದ್ದಾರೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡನಂತೆ.

ಪ್ರೇಮಮ್ಮನಿಗೆ ಸೇಡು ಬೇಕಾಗಿತ್ತು. ಅದಕ್ಕೆ ಬೇರೆ ಹೆಸರಿಡುವ ಅಗತ್ಯವಿಲ್ಲ, ಅವಳೂ ಇಡಲಿಲ್ಲ. ತೆಂಗಿನಕಾಯಿ ತುರಿಯುವಾಗ ಅದನ್ನೇ ಯೋಚಿಸಿದಳು, ಹುಳಿಗೆ ಒಗ್ಗರಣೆ ಹಾಕುವಾಗ ಅದನ್ನೇ. ಹೇಗೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಜಗಳ ಮಾಡಿದರೆ ಅವನು ಅಣ್ಣನ ಹೆಸರು ಎತ್ತುತ್ತಾನೆ. ಪೊಲೀಸರ ಹತ್ತಿರ ಹೋದರೆ ಮನೆಯ ಮಾನ ಹರಾಜು.

ದಾರಿ ತೋರಿಸಿದ್ದು ಅವಳ ಹಳೆಯ ಕೀ. ಅದರ ಪ್ಲಾಸ್ಟಿಕ್ ಒಡೆದು, ಆರು ತಿಂಗಳಿಂದ ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು. ಇದೂ ಕೈಕೊಟ್ಟರೆ ಮೈದುನನ ಮುಂದೆ ಕೈಯೊಡ್ಡಿ ನಿಲ್ಲಬೇಕು, ಅದಕ್ಕಿಂತ ಒಂದು ಸ್ಪೇರ್ ಮಾಡಿಸಿಕೊಳ್ಳುವುದೇ ಮೇಲು ಅನ್ನಿಸಿತು. ಷೋರೂಮಿನಲ್ಲಿ ಕೇಳಿದರೆ ಹದಿನಾಲ್ಕು ಸಾವಿರ, ಎರಡು ವಾರ ಕಾಯಬೇಕು, ಜೊತೆಗೆ ಕಾರು ಕೊಂಡಾಗ ಕೊಟ್ಟ ಕೋಡ್ ಕಾರ್ಡ್ ಬೇಕು ಎಂದರು. ಆ ಕಾರ್ಡನ್ನು ಹಳೆಯ ಮಾಲೀಕನೇ ಕಂಡಿರಲಿಲ್ಲ. ಹದಿನಾಲ್ಕು ಸಾವಿರಕ್ಕೆ ಎಷ್ಟು ಮೂಟೆ ಅಕ್ಕಿ ಬರುತ್ತದೆ ಎಂದು ಎಣಿಸುತ್ತ ಆಚೆ ಬಂದಳು. ಕ್ಲಿನಿಕ್ಕಿನ ಕಾಂಪೌಂಡರ್ ಒಬ್ಬ, "ನಜರ್‌ಬಾದಲ್ಲಿ ರೇವಣಸಿದ್ದ ಅಂತವ್ನೆ, ಅವನ ಹತ್ರ ಹೋಗಿ" ಎಂದ.

ರೇವಣಸಿದ್ದನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಗೋಡೆಯ ತುಂಬ ಹಲ್ಲು ಕೊರೆಯದ ಕೀಗಳು ನೇತಾಡುತ್ತಿದ್ದವು. ಐವತ್ತು ದಾಟಿದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಪಕ್ಕದಲ್ಲಿ ಮುಚ್ಚಳ ಸಡಿಲಾದ ಲ್ಯಾಪ್‌ಟಾಪ್. ಕೀಯನ್ನು ತಿರುಗಿಸಿ ನೋಡಿ, ರಬ್ಬರ್ ಬ್ಯಾಂಡ್ ಕಂಡು ನಕ್ಕ.

"ಎಷ್ಟು ಕೀ ಅವೆ ಗಾಡೀಗೆ?"

"ಎರಡು. ಇನ್ನೊಂದು ನನ್ನ ಹತ್ರ ಇಲ್ಲ."

"ಕಳೆದೋಯ್ತಾ?"

"ಕಳೆದಿಲ್ಲ. ಬೇರೆಯವರ ಹತ್ರ ಇದೆ."

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಮೊದ್ಲು ಆರ್‌ಸಿ ತೋರ್ಸಿ, ಆಧಾರ್ ತೋರ್ಸಿ. ಗಾಡಿ ನಿಮ್ದೇ ಅಂತ ಗೊತ್ತಾಗ್ದೆ ನಾನು ಕೀಗೆ ಕೈ ಹಾಕಕ್ಕಿಲ್ಲ" ಎಂದ. ಪ್ರೇಮಮ್ಮ ಚೀಲದಿಂದ ಎರಡನ್ನೂ ತೆಗೆದಳು. ಮೂರು ವರ್ಷದಲ್ಲಿ ಈ ಕಾರು ಯಾರದು ಎಂದು ಕೇಳಿದ ಮೊದಲ ಮನುಷ್ಯ ಅವನು. ಅವನು ಹೆಸರನ್ನು ಗಟ್ಟಿಯಾಗಿ ಓದಿ, ಸರಿ ಎಂದು ತಲೆಯಾಡಿಸಿದ.

"ನೋಡಿಯಮ್ಮ, ಎರಡು ದಾರಿ ಅವೆ. ಕೀ ಒಳಗೆ ಅಕ್ಕಿಕಾಳಷ್ಟು ಒಂದು ಚಿಪ್ ಅದೆ. ಅದರ ಗುರುತು ಸಿಕ್ಕಿದ್ರೇನೆ ಗಾಡಿ ಸ್ಟಾರ್ಟ್ ಆಗೋದು. ನಾನು ಆ ಚಿಪ್ಪಿನ ನಕಲು ಹೊಡ್ದು ಇನ್ನೊಂದು ಕೀ ಮಾಡ್ಕೊಡ್ಬೌದು. ಗಾಡೀಗೆ ಗೊತ್ತೇ ಆಗಕ್ಕಿಲ್ಲ, ಎಲ್ಲಾ ಅಂಗಂಗೇ ಇರ್ತದೆ. ಎರಡು ಸಾವಿರದ ಏಳುನೂರು. ಇನ್ನೊಂದು ದಾರಿ, ಗಾಡೀಗೇ ಲ್ಯಾಪ್‌ಟಾಪ್ ಸಿಗಿಸಿ ಹೊಸದಾಗಿ ಪ್ರೋಗ್ರಾಮ್ ಮಾಡೋದು. ಮೂರು ಸಾವಿರದ ಇನ್ನೂರು. ಅದಕ್ಕೆ ಇರೋ ಕೀ ಎಲ್ಲಾನೂ ತರ್ಬೇಕು, ತರ್ದೆ ಇದ್ದಿದ್ದು ಸಾಯ್ತದೆ. ನಿಮ್ಗೆ ನಕಲೇ ಸಾಕು ಬುಡಿ, ಸುಮ್ಕೆ ಐನೂರು ಯಾಕೆ ಜಾಸ್ತಿ?"

"ಸಾಯುತ್ತೆ ಅಂದ್ರೆ ಏನು?"

"ಈ ಗಾಡಿ ಹಳೇ ಗುರುತೆಲ್ಲ ಅಳಿಸಾಕ್ಬುಡ್ತದೆ. ಅವತ್ತು ಎದುರಿಗಿರೋ ಕೀಗಳ್ನ ಮಾತ್ರ ಬರ್ಕೊತದೆ. ಮನೇಲಿ ಬುಟ್ಟು ಬಂದಿರೋ ಕೀ ಬಾಗ್ಲು ತೆಗೀತದೆ, ಯಾಕಂದ್ರೆ ಹಲ್ಲು ಅದೇ ಅಲ್ವಾ. ಒಳಗೆ ಕೂತ್ಕೊಬೌದು. ಗಾಡಿ ಮಾತ್ರ ಸ್ಟಾರ್ಟ್ ಆಗಕ್ಕಿಲ್ಲ. ಎಷ್ಟು ತಿರುವಿದ್ರೂ ಕೊರ್ರ್ ಅಂತದೆ ಅಷ್ಟೆ. ಜನ ಒಂದು ಕೀ ಮನೇಲಿ ಬುಟ್ಟು ಬಂದು, ಆಮೇಲೆ ನನ್ನ ಜೊತೆ ಜಗಳಕ್ಕೆ ಬತ್ತಾರೆ."

ಪ್ರೇಮಮ್ಮ ಸ್ಟೂಲಿನ ಮೇಲೆ ಕೂತಳು. ಬಾಗಿಲು ತೆಗೆಯುತ್ತದೆ, ಒಳಗೆ ಕೂರಬಹುದು, ಎಷ್ಟು ಕರೆದರೂ ಏಳುವುದಿಲ್ಲ. ಬನ್ನೂರಿನ ಆ ಮಧ್ಯಾಹ್ನ ಅವಳ ಕಣ್ಣ ಮುಂದೆ ಬಂತು.

"ಬಾಗ್ಲು ಬೀಗಾನೂ ಬದಲಾಯಿಸ್ಬೌದು, ಅದಕ್ಕೆ ಬ್ಯಾರೆ ಆಯ್ತದೆ" ಎಂದ ರೇವಣಸಿದ್ದ.

"ಬೇಡ. ಬಾಗಿಲು ತೆಗೀಲಿ. ಪ್ರೋಗ್ರಾಮೇ ಮಾಡಿ."

ಒಂದು ಕಟ್ಟು ಕರಿಬೇವಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಹೆಂಗಸು ಐನೂರು ರೂಪಾಯಿ ಜಾಸ್ತಿಯದನ್ನು ಚೌಕಾಸಿಯಿಲ್ಲದೆ ಒಪ್ಪಿಕೊಂಡಳು. ಅವನು ಕೇಬಲ್ ಎತ್ತಿಕೊಂಡು ಕಾರಿನ ಕಡೆ ಹೊರಟ. ಅವಳು ತಡೆದಳು.

"ಇವತ್ತಲ್ಲ. ಆಯುಧಪೂಜೆ ಹಿಂದಿನ ದಿನ ಬರ್ತೀನಿ."

"ಅವತ್ತು ರಷ್ ಇರ್ತದಮ್ಮ."

"ಬೆಳಿಗ್ಗೆ ಏಳಕ್ಕೇ ಬರ್ತೀನಿ."

ರೇವಣಸಿದ್ದ ಇನ್ನೇನೂ ಕೇಳಲಿಲ್ಲ. ಮೂವತ್ತು ವರ್ಷ ಬೀಗದ ಜೊತೆ ಬದುಕಿದವನಿಗೆ ಯಾವ ಮನೆಯಲ್ಲಿ ಏನಿರುತ್ತದೆ ಎಂದು ಅಷ್ಟಿಷ್ಟು ಗೊತ್ತಿರುತ್ತದೆ.

ಆಯುಧಪೂಜೆಯೇ ಯಾಕೆ? ಗಂಡ ಹೋದ ಮೇಲೆ ಆ ಪೂಜೆ ವಿಜಯ್‌ಕುಮಾರನ ಪಾಲಾಗಿತ್ತು. ಕಾರು ತೊಳೆಯುವುದು ಪ್ರೇಮಮ್ಮ, ಹೂವು ತರುವುದು ಪ್ರೇಮಮ್ಮ, ಬೂದುಗುಂಬಳಕ್ಕೆ ದುಡ್ಡು ಕೊಡುವುದು ಪ್ರೇಮಮ್ಮ. ಮಂಗಳಾರತಿಯ ಹೊತ್ತಿಗೆ ಮಾತ್ರ, "ನೀವು ಅಲ್ಲೇ ಮೆಟ್ಲ ಮೇಲೆ ನಿಂತ್ಕೊಳ್ಳಿ ಅತ್ತಿಗೆ, ಇದೊಂದು ನಮಗೆ ಬಿಡಿ" ಎನ್ನುತ್ತಿದ್ದ. ವಿಧವೆ ಎಂಬ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟರಮಟ್ಟಿಗೆ ನಾಜೂಕು. ತನ್ನ ಕೀಯನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ, ಕೊನೆಗೆ ಅದರಲ್ಲೇ ಕಾರು ಹೊರಡಿಸಿ, ನಾಲ್ಕು ಚಕ್ರದ ಕೆಳಗಿನ ನಾಲ್ಕು ನಿಂಬೆಹಣ್ಣು ಒಡೆಯುತ್ತಿದ್ದ. ಇಡೀ ಬೀದಿ ನೋಡುತ್ತಿತ್ತು. ಕಾರು ಅವನದೇ ಎಂದು ಬೀದಿಯ ಅರ್ಧ ಜನ ನಂಬಿದ್ದು ಆ ನಿಂಬೆಹಣ್ಣಿನಿಂದಲೇ.

ಹಿಂದಿನ ದಿನ ಬೆಳಿಗ್ಗೆ ನಜರ್‌ಬಾದಿನಲ್ಲಿ ಕೆಲಸ ಇಪ್ಪತ್ತು ನಿಮಿಷ ಹಿಡಿಯಿತು. ರೇವಣಸಿದ್ದ ಸ್ಟೀರಿಂಗಿನ ಕೆಳಗೆ ಕೇಬಲ್ ಸಿಗಿಸಿ, ಹೊಸ ಕೀಯನ್ನೂ ಹಳೆಯದನ್ನೂ ಒಂದಾದ ಮೇಲೊಂದು ತಿರುಗಿಸಿದ. ಹಳೆಯ ಕೀಗೆ ಹೊಸ ಪ್ಲಾಸ್ಟಿಕ್ ಕವಚವನ್ನೂ ಹಾಕಿದ. ಆಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡಿ, ಎರಡು ಕೀ ಅಂತ ತೋರುಸ್ತಾ ಅದೆ. ಎರಡೂ ನಿಮ್ಮ ಕೈಲೇ ಅವೆ" ಎಂದ.

"ಇನ್ನೊಂದು ಸತ್ತಿದೆ ತಾನೆ?"

"ಚೆಂದಾಗೇ ಸತ್ತದೆ ಕಣಮ್ಮ."

ಪೂಜೆಯ ದಿನ ಬಿಂದುವಿನ ಅಣ್ಣ ನಿರಂಜನ್ ಹೆಂಡತಿ ಮಕ್ಕಳ ಸಮೇತ ಬಂದಿದ್ದ. ಪೂಜೆ ಮುಗಿಸಿ ಎಲ್ಲರನ್ನೂ 'ನಮ್ಮ ಕಾರಲ್ಲೇ' ಊರು ಸುತ್ತಿಸುವುದಾಗಿ ವಿಜಯ್‌ಕುಮಾರ ಮಾತು ಕೊಟ್ಟಿದ್ದ. ಜರಿ ಪಂಚೆ, ಹೊಸ ಶರ್ಟು, ಹಣೆಯಲ್ಲಿ ಉದ್ದ ಕುಂಕುಮ. ಕಾರಿನ ಮುಂದೆ ಬಾಳೆಕಂದು, ಸೇವಂತಿಗೆ ಹಾರ. ಎದುರು ಮನೆಯ ಮಹದೇವಯ್ಯ ತಮ್ಮ ಸ್ಕೂಟರಿನ ಪೂಜೆ ಮುಗಿಸಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಕ್ಕಪಕ್ಕದವರು ಪುರಿ ಸಿಹಿಗೆ ಸೇರಿದ್ದರು. ಪ್ರೇಮಮ್ಮ ಹೇಳಿಸಿಕೊಳ್ಳದೆ ತಾನೇ ಹೋಗಿ ಮೆಟ್ಟಿಲ ಮೇಲೆ ನಿಂತಳು. ಅಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ವಿಜಯ್‌ಕುಮಾರ ಕೀಯನ್ನು ತಟ್ಟೆಯಲ್ಲಿಟ್ಟು ಅರಿಸಿನ ಹಚ್ಚಿದ, ಕುಂಕುಮ ಇಟ್ಟ, ಅದರ ಮೇಲೆ ಒಂದು ಹೂವು ಏರಿಸಿದ. ಹೆಣಕ್ಕೆ ಶೃಂಗಾರ ಮಾಡುತ್ತಿದ್ದಾನೆ ಎಂದು ಪ್ರೇಮಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಅವನು ಬೂದುಗುಂಬಳ ಇಳಿ ತೆಗೆದು ಬೀದಿಯಲ್ಲಿ ಒಡೆದ, ಕೀಯನ್ನು ಕಣ್ಣಿಗೊತ್ತಿಕೊಂಡ, ಬಾಗಿಲು ತೆಗೆದ. ಬಾಗಿಲು ಸಲೀಸಾಗಿ ತೆರೆಯಿತು. ಸೀಟನ್ನು ಹಿಂದಕ್ಕೆ ತಳ್ಳಿ, ಕೂತು, ಎಲ್ಲರ ಕಡೆ ಒಮ್ಮೆ ನೋಡಿ ಕೀ ತಿರುಗಿಸಿದ.

ಕೊರ್ರ್ ಎಂದು ನಿಂತಿತು.

ನಕ್ಕು ಇನ್ನೊಮ್ಮೆ ತಿರುಗಿಸಿದ. ಕೊರ್ರ್. ಮೂರು, ನಾಲ್ಕು, ಐದು. ನಗು ಹೋಯಿತು. ನಿರಂಜನ್ ಕಿಟಕಿಗೆ ಬಗ್ಗಿ, "ಬ್ಯಾಟರಿ ಇರ್ಬೇಕು ಭಾವ" ಎಂದ. ಇನ್ನೊಬ್ಬರು ಪೆಟ್ರೋಲ್ ಎಂದರು. ಬಾನೆಟ್ ಎತ್ತಿದರು, ಎಲ್ಲರೂ ಒಳಗೆ ನೋಡಿದರು, ಏನು ನೋಡುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ಬಾನೆಟ್ ಇಳಿಸಿದರು. ಮತ್ತೆ ಕೊರ್ರ್.

"ತಳ್ಳಿಬಿಡೋಣ" ಎಂದ ನಿರಂಜನ್.

"ತಳ್ಳ್‌ಬಾರ್ದು ಕಣಯ್ಯ!" ಮಹದೇವಯ್ಯ ಕುರ್ಚಿಯಿಂದಲೇ ಕೂಗಿದರು. "ಪೂಜೆಯಾದ ಗಾಡಿ ತಾನೇ ಹೊರಟು ನಿಂಬೆಹಣ್ಣು ಒಡೀಬೇಕು. ತಳ್ಳಿ ಒಡ್ಸಿದ್ರೆ ವರ್ಷವಿಡೀ ತಳ್ತಾನೇ ಇರ್ಬೇಕಾಯ್ತದೆ."

ಜರಿ ಪಂಚೆಗೆ ಗ್ರೀಸ್ ಮೆತ್ತಿತ್ತು. ಶರ್ಟು ಬೆನ್ನಿಗೆ ಅಂಟಿತ್ತು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ನಿರಂಜನನ ಹೆಂಡತಿ ಬಿಂದುವಿನ ಕಿವಿಯಲ್ಲಿ ಏನೋ ಅಂದಳು. ಬಿಂದು ಮುಖ ಬೇರೆ ಕಡೆ ತಿರುಗಿಸಿದಳು. ಹದಿನೈದು ನಿಮಿಷ. ಪ್ರೇಮಮ್ಮ ಮೆಟ್ಟಿಲ ಮೇಲೆ ನಿಂತು ಹದಿನೈದೂ ನಿಮಿಷವನ್ನು ಗುಟುಕು ಗುಟುಕಾಗಿ ಕುಡಿದಳು. ಬಸ್‌ಸ್ಟ್ಯಾಂಡಿನಲ್ಲಿ ತಾನು ಬಸ್ಸು ತುಂಬುವುದನ್ನು ಕಾದು ಕೂತ ಹೊತ್ತಿಗೆ ಇದು ಇನ್ನೂ ಸಮವಾಗಿರಲಿಲ್ಲ. ಆದರೂ ಸಾಕೆನಿಸಿದಾಗ ಇಳಿದು ಬಂದಳು.

"ಸ್ವಲ್ಪ ಇಳೀರಿ" ಎಂದಳು.

"ನಿಮ್ಮ ಕೈಲಿ ಆಗಲ್ಲ ಅತ್ತಿಗೆ, ಗಾಡಿ ಕೆಟ್ಟೋಗಿದೆ. ಮೆಕ್ಯಾನಿಕ್ ಕರೀತೀನಿ, ನೀವು ಮೇಲೆ ಹೋಗಿ."

"ಇಳೀರಿ."

ಅವನು ಇಳಿದ. ಅವಳು ಸೆರಗಿನ ಗಂಟು ಬಿಚ್ಚಿ ಹೊಸ ಕೀ ತೆಗೆದಳು, ಕೂತಳು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಒಂದೇ ಸಲಕ್ಕೆ ಇಂಜಿನ್ ಎದ್ದಿತು. ಗೇರ್ ಹಾಕಿ ಮುಂದೆ ಬಿಟ್ಟಳು. ಪಟ್, ಪಟ್, ಎರಡು ಒಟ್ಟಿಗೆ, ಹಿಂದಿನ ಎರಡು ಆಮೇಲೆ. ವಿಧವೆಯೊಬ್ಬಳು ಆಯುಧಪೂಜೆಯ ನಿಂಬೆಹಣ್ಣು ಒಡೆದದ್ದನ್ನು ಆ ಬೀದಿ ಅದೇ ಮೊದಲು ನೋಡಿದ್ದು. ಮಹದೇವಯ್ಯ, "ಗಾಡಿಗೆ ಯಜಮಾನಿ ಕೈ ಬೇಕಾಗಿತ್ತು ನೋಡು" ಎಂದರು. ಕೆಲವರು ನಕ್ಕರು.

ವಿಜಯ್‌ಕುಮಾರ ಕಿಟಕಿಗೆ ಬಂದ. ಕೈಯಲ್ಲಿ ಅರಿಸಿನ ಕುಂಕುಮದ ಕೀ.

"ನನ್ನ ಕೀಗೆ ಏನಾಯ್ತು?"

"ಸತ್ತೋಯ್ತು."

"ಯಾವಾಗ?"

"ನೆನ್ನೆ ಬೆಳಿಗ್ಗೆ. ನಾನೇ ಸಾಯಿಸ್ದೆ."

ಅವನು ಸುತ್ತ ಇದ್ದವರನ್ನು ನೋಡಿ, ದನಿ ತಗ್ಗಿಸಿ ಕೇಳಿದ: "ಇಷ್ಟು ಜನರ ಮುಂದೆ... ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತಿಗೆ?"

ಆ ಮಾತು ಅವನ ಬಾಯಿಂದ ಮತ್ತೊಮ್ಮೆ ಬರುತ್ತದೆ ಎಂದು ಪ್ರೇಮಮ್ಮ ಎಣಿಸಿರಲಿಲ್ಲ. ಎರಡು ತಿಂಗಳು ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಆದರೆ ಅವಳು ಕೂಗಲಿಲ್ಲ.

"ನಮ್ಮಮ್ಮನೂ ಹೇಳ್ಬೇಕಾಗಿತ್ತು ಅಲ್ವಾ? ಇಂಥಾ ಭಾನುವಾರ ಸಾಯ್ತೀನಿ, ಗಾಡಿ ಬಿಟ್ಟು ಹೋಗಿ ಅಂತ? ಆ ಕೀ ನೀವೇ ಇಟ್ಕೊಳ್ಳಿ. ಬಾಗಿಲು ತೆಗೆಯುತ್ತೆ. ಬನ್ನೂರಲ್ಲಿ ನನಗೂ ಬಾಗಿಲು ತೆಗೆದೇ ಇತ್ತು."

ಅವನು ಕಿಟಕಿಯಿಂದ ಕೈ ತೆಗೆದ. ಅವಳು ಗೇರ್ ಬದಲಿಸಿ ಬೀದಿಯ ತಿರುವು ದಾಟಿದಳು. ಬಾಳೆಕಂದು ಕಟ್ಟಿದ ಕಾರಿನಲ್ಲಿ ಒಬ್ಬಳೇ ಚಾಮುಂಡಿಬೆಟ್ಟದ ದಾರಿ ಹಿಡಿದಳು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅರ್ಧ ಬೆಟ್ಟ ಹತ್ತುವವರೆಗೆ ಗೆದ್ದ ಖುಷಿ ಇತ್ತು. ಆಮೇಲೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಆಗಸ್ಟಿನಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು.

ಈಗ ಆರು ತಿಂಗಳಾಗಿದೆ. ಒಂದು ಕೀ ಅವಳ ಸೆರಗಿನಲ್ಲಿ, ಇನ್ನೊಂದು ಮಂಡ್ಯದ ಮಗಳ ಬೀರುವಿನಲ್ಲಿ. ಕ್ಷಮಿಸಿದೆಯಾ ಎಂದು ವಾಣಿ ಒಮ್ಮೆ ಕೇಳಿದಳಂತೆ. ಇಲ್ಲ ಎಂದಳಂತೆ. ಮೈದುನನಿಗೆ ಇವತ್ತಿಗೂ ಬಹುವಚನವೇ.

ಮೊನ್ನೆ ಸೋಮವಾರ ಹನ್ನೊಂದೂವರೆಗೆ ಕ್ಯಾರಿಯರುಗಳನ್ನು ತುಂಬಿಕೊಂಡು ಕಾರಿನಲ್ಲಿ ಕೂತಾಗ ಅವಳ ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟು ಪೂರಾ ಹಿಂದಕ್ಕೆ ಸರಿದಿತ್ತು. ಭಾನುವಾರ ಯಾವಾಗಲೋ ಅವನು ಬಂದು, ಬಾಗಿಲು ತೆಗೆದು, ಕೂತು, ತಿರುಗಿಸಿ ನೋಡಿದ್ದಾನೆ. ಕಾರು ಮಾತ್ರ ಎಣ್ಣೆಯ ಕಲೆಯ ಮೇಲಿಂದ ಅಲುಗಿರಲಿಲ್ಲ. ಪ್ರೇಮಮ್ಮ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಈ ಸಲ ಬೈಗುಳ ನುಂಗದೆ, ಕುವೆಂಪುನಗರಕ್ಕೆ ಊಟ ತೆಗೆದುಕೊಂಡು ಹೊರಟಳು.